ಸೈಲೆನ್ಸರಿನ ಬಿಸಿಯಿಂದ ಬಲ್ಬು ಉರಿದೀತೆ?

ಕೆಂಗೇರಿ ಬಸ್ ನಿಲ್ದಾಣದಲ್ಲಿ ಎಂಜಿನ್ ಆರಿಸದೆ ನಿಂತ ಡೀಸೆಲ್ ಬಸ್ಸಿನ ಹಿಂದೆ ಹಾದು ಹೋದವರ ಕಾಲಿಗೆ ಬಿಸಿಗಾಳಿ ರಾಚುತ್ತದೆ. ಎಂಜಿನ್ ಮುಂದೆ ಇರುವ ಬಸ್ಸಾದರೆ ಚಾಲಕನ ಪಕ್ಕದ ಬಾನೆಟ್ ಮುಟ್ಟಿ ನೋಡುವುದೇ ಬೇಡ, ಹತ್ತಿರ ಕುಳಿತರೂ ಸಾಕು. ಏಪ್ರಿಲ್ ತಿಂಗಳಲ್ಲಿ ಆ ಜಾಗದಲ್ಲಿ ಕುಳಿತು ಮೈಸೂರು ರಸ್ತೆಯ ಉದ್ದಕ್ಕೂ ಪ್ರಯಾಣ ಮಾಡಿದವರಿಗೆ ಶಾಖ ಎಂದರೇನೆಂದು ಪಾಠ ಹೇಳಬೇಕಾಗಿಲ್ಲ.

ಈ ಶಾಖವೆಲ್ಲ ಹಣ ಕೊಟ್ಟು ಕೊಂಡದ್ದು. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿದರೆ ಹೊಮ್ಮುವ ಶಕ್ತಿ ಸುಮಾರು 10 ಯೂನಿಟ್. ಅಂದರೆ ಮನೆಯ ಮೀಟರಿನ ಲೆಕ್ಕದಲ್ಲಿ 10 ಕಿಲೋವ್ಯಾಟ್-ಗಂಟೆ. ಅದರಲ್ಲಿ ಚಕ್ರ ತಿರುಗಿಸುವ ಕೆಲಸಕ್ಕೆ ಬರುವುದು ಹೆಚ್ಚೆಂದರೆ ಮೂರೂವರೆ, ನಾಲ್ಕು ಯೂನಿಟ್. ಇನ್ನು ಮೂರರಷ್ಟು ಸೈಲೆನ್ಸರಿನ ಮೂಲಕ ಹೊಗೆಯ ಜತೆ ಹೋಗುತ್ತದೆ. ಮತ್ತೆ ಮೂರರಷ್ಟು ರೇಡಿಯೇಟರಿನ ನೀರನ್ನೂ ಎಂಜಿನ್ನಿನ ಮೈಯನ್ನೂ ಕಾಯಿಸಿ ಗಾಳಿಗೆ ಸೇರುತ್ತದೆ. ಹತ್ತು ರೂಪಾಯಿ ಕೊಟ್ಟು ಆರು ರೂಪಾಯಿ ದಾರಿಯಲ್ಲಿ ಚೆಲ್ಲಿದ ಹಾಗೆ.

ಹೀಗೆ ಚೆಲ್ಲಿಹೋಗುವ ಶಾಖವನ್ನು ವಿದ್ಯುತ್ತಾಗಿ ಹಿಡಿಯಲು ಬರುವುದಿಲ್ಲವೆ? ಈ ಪ್ರಶ್ನೆ ಪ್ರತಿ ವರ್ಷ ವಿಜ್ಞಾನ ವಸ್ತುಪ್ರದರ್ಶನದ ಹೊತ್ತಿಗೆ ಹತ್ತನೆಯ ತರಗತಿಯ ಮಕ್ಕಳಿಗೆ ಹೊಳೆಯುತ್ತದೆ. ಪ್ರಶ್ನೆ ಒಳ್ಳೆಯದು. ಉತ್ತರವೂ ಬಹಳ ಮಟ್ಟಿಗೆ ಸಿದ್ಧವಾಗಿದೆ. ಆದರೆ ‘ಬರುತ್ತದೆ’ ಎಂಬುದಕ್ಕೂ ‘ಎಷ್ಟು ಬರುತ್ತದೆ’ ಎಂಬುದಕ್ಕೂ ಇರುವ ದೂರ ಕೆಂಗೇರಿಯಿಂದ ಮೈಸೂರಿನಷ್ಟಿದೆ. ಅದನ್ನು ಅಳೆಯದೆ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಉಚಿತ ವಿದ್ಯುತ್’ ಎಂದು ಬರೆದುಬಿಡುವುದೇ ತೊಂದರೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಪೆಲ್ಟಿಯರ್ ಮಾಡ್ಯೂಲ್ ಎಂದು ಕೇಳಿದರೆ 4 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಒಂದು ಬಿಳಿ ಬಿಲ್ಲೆ ಕೊಡುತ್ತಾರೆ. ಬದಿಯಲ್ಲಿ ಒಂದು ಕೆಂಪು, ಒಂದು ಕಪ್ಪು ತಂತಿ. ಮಗ ಕೇಳಿದನೆಂದು ತಂದೆ ಅದನ್ನು ತಂದುಕೊಡುತ್ತಾರೆ. ಹುಡುಗ ಅದನ್ನು ಕಾದ ಕಾವಲಿಯ ಮೇಲಿಟ್ಟು ಎರಡು ತಂತಿಗಳ ನಡುವೆ ಪುಟ್ಟ ಕೆಂಪು ಎಲ್‌ಇಡಿ ಸೇರಿಸುತ್ತಾನೆ. ದೀಪ ಫಕ್ಕನೆ ಹತ್ತುತ್ತದೆ. ಮನೆಯವರೆಲ್ಲ ಅಡುಗೆಮನೆಗೆ ಬರುತ್ತಾರೆ. ಅವರು ಬಂದು ಸೇರುವಷ್ಟರಲ್ಲಿ ದೀಪ ಮಂಕಾಗಿ ಆರಿಹೋಗಿರುತ್ತದೆ. ಬಿಲ್ಲೆ ಕೆಟ್ಟಿತೆ? ಅಂಗಡಿಯವನು ಮೋಸ ಮಾಡಿದನೆ? ಎರಡೂ ಅಲ್ಲ. ಕಾವಲಿ ಮೊದಲಿಗಿಂತ ಬಿಸಿಯಾಗಿಯೇ ಇದೆ. ಆದರೂ ದೀಪ ಆರಿದೆ. ಈ ಒಗಟನ್ನು ಬಿಡಿಸಿಕೊಂಡರೆ ವಿಷಯ ಅರ್ಧ ತಿಳಿದ ಹಾಗೆ.

ಇದರ ಮೂಲ ಇನ್ನೂರು ವರ್ಷ ಹಿಂದಿನದು. 1821ರಲ್ಲಿ ಬರ್ಲಿನ್ನಿನಲ್ಲಿ ಥಾಮಸ್ ಸೀಬೆಕ್ ಎಂಬ ವಿಜ್ಞಾನಿ ಎರಡು ಬೇರೆ ಬೇರೆ ಲೋಹಗಳ ಪಟ್ಟಿಗಳನ್ನು ಎರಡೂ ತುದಿಗಳಲ್ಲಿ ಸೇರಿಸಿ ಒಂದು ಉಂಗುರ ಮಾಡಿದ. ಒಂದು ಬೆಸುಗೆಯನ್ನು ಕಾಯಿಸಿದಾಗ ಹತ್ತಿರವಿದ್ದ ದಿಕ್ಸೂಚಿಯ ಮುಳ್ಳು ತಿರುಗಿತು. ಶಾಖದಿಂದ ಲೋಹ ಆಯಸ್ಕಾಂತವಾಯಿತೆಂದು ಅವನು ನಂಬಿದ. ನಿಜವಾಗಿ ಉಂಗುರದಲ್ಲಿ ವಿದ್ಯುತ್ ಹರಿದು, ಆ ವಿದ್ಯುತ್ತು ಮುಳ್ಳನ್ನು ತಿರುಗಿಸಿತ್ತು. ಕಂಡದ್ದು ಸರಿ, ಕೊಟ್ಟ ಕಾರಣ ತಪ್ಪು. ಹೆಸರು ಮಾತ್ರ ಸೀಬೆಕ್ ಪರಿಣಾಮ ಎಂದೇ ಉಳಿದಿದೆ. 1834ರಲ್ಲಿ ಗಡಿಯಾರದ ಕಸುಬಿನಿಂದ ಭೌತವಿಜ್ಞಾನಕ್ಕೆ ಬಂದ ಫ್ರಾನ್ಸಿನ ಪೆಲ್ಟಿಯರ್ ಇದರ ತಿರುಗುಮುರುಗನ್ನು ಕಂಡ. ವಿದ್ಯುತ್ ಹರಿಸಿದರೆ ಒಂದು ಬೆಸುಗೆ ತಣ್ಣಗಾಗುತ್ತದೆ, ಇನ್ನೊಂದು ಬಿಸಿಯಾಗುತ್ತದೆ. ಎಸ್.ಪಿ. ರಸ್ತೆಯ ಬಿಲ್ಲೆ ತಯಾರಾಗುವುದು ಈ ಎರಡನೆಯ ಕೆಲಸಕ್ಕೆ, ಪುಟ್ಟ ಫ್ರಿಜ್ಜುಗಳಿಗೆ. ತಿರುಗಿಸಿ ಬಳಸಿದರೆ ಅದೇ ವಿದ್ಯುತ್ ಕೊಡುತ್ತದೆ.

ಲೋಹದ ತುದಿ ಬಿಸಿಯಾದಾಗ ಅಲ್ಲಿನ ಎಲೆಕ್ಟ್ರಾನುಗಳು ಚುರುಕಾಗಿ ತಣ್ಣಗಿನ ತುದಿಯತ್ತ ಸರಿಯುತ್ತವೆ. ಎಷ್ಟು ಸರಿಯುತ್ತವೆ ಎಂಬುದು ಒಂದೊಂದು ಲೋಹಕ್ಕೆ ಒಂದೊಂದು ಬಗೆ. ಆ ವ್ಯತ್ಯಾಸವೇ ತಂತಿಯ ತುದಿಗಳಲ್ಲಿ ವೋಲ್ಟೇಜಾಗಿ ಸಿಗುವುದು. ಹುಡುಗರು ಇದನ್ನು ಮನೆಯಲ್ಲೇ ನೋಡಬಹುದು. ಒಂದು ಕಬ್ಬಿಣದ ತಂತಿ ತೆಗೆದುಕೊಳ್ಳಿ. ಅದರ ಎರಡು ತುದಿಗಳಿಗೂ ಒಂದೊಂದು ತಾಮ್ರದ ತಂತಿಯನ್ನು ಬಿಗಿಯಾಗಿ ಹೊಸೆಯಿರಿ. ಒಂದು ಗಂಟನ್ನು ಮಂಜುಗಡ್ಡೆಯ ನೀರಿನಲ್ಲೂ ಇನ್ನೊಂದನ್ನು ಕುದಿಯುವ ನೀರಿನಲ್ಲೂ ಅದ್ದಿ, ತಾಮ್ರದ ಬಿಡಿ ತುದಿಗಳನ್ನು ಮಲ್ಟಿಮೀಟರಿಗೆ ಕೊಡಿ. ಸುಮಾರು ಒಂದು ಮಿಲಿವೋಲ್ಟ್ ತೋರಿಸುತ್ತದೆ. ಟಾರ್ಚಿನ ಒಂದು ಶೆಲ್ಲಿಗೆ ಸಮ ಮಾಡಬೇಕಾದರೆ ಇಂಥ ಸಾವಿರದ ಐನೂರು ಜೋಡಿ ಬೇಕು! ಲೋಹಗಳಿಂದ ಉಪಯೋಗ ಕಡಿಮೆ ಎಂದು ಇಷ್ಟರಲ್ಲೇ ತಿಳಿಯುತ್ತದೆ. ಕುಲುಮೆಯ ಉಷ್ಣತೆ ಅಳೆಯುವ ಥರ್ಮೋಕಪಲ್ ಆಗಿ ಮಾತ್ರ ಅವು ಇಂದಿಗೂ ದುಡಿಯುತ್ತಿವೆ.

ಬಿಲ್ಲೆಯ ಒಳಗಿರುವುದು ಲೋಹವಲ್ಲ, ಬಿಸ್ಮತ್ ಟೆಲ್ಯುರೈಡ್ ಎಂಬ ಅರೆವಾಹಕ. ಇದರ ಗುಣ 1950ರ ದಶಕದಲ್ಲಿ ಗೊತ್ತಾಯಿತು. ಎರಡು ಬಿಳಿ ಪಿಂಗಾಣಿ ಹಾಳೆಗಳ ನಡುವೆ ಸಾಸಿವೆಗಿಂತ ತುಸು ದಪ್ಪದ 254 ಕಂಬಗಳು, ಅಂದರೆ 127 ಜೋಡಿ, ಒಂದರ ಬಾಲಕ್ಕೆ ಇನ್ನೊಂದರ ತಲೆ ಎಂಬಂತೆ ಸಾಲಾಗಿ ಬೆಸೆದುಕೊಂಡಿರುತ್ತವೆ. ಒಂದೊಂದು ಕಂಬವೂ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 200 ಮೈಕ್ರೋವೋಲ್ಟ್ ಕೊಡುತ್ತದೆ. 254ರಿಂದ ಗುಣಿಸಿದರೆ ಡಿಗ್ರಿಗೆ 50 ಮಿಲಿವೋಲ್ಟ್ ಆಯಿತು. ಎರಡು ಮುಖಗಳ ನಡುವೆ 40 ಡಿಗ್ರಿ ವ್ಯತ್ಯಾಸ ನಿಂತರೆ 2 ವೋಲ್ಟ್. ಕೆಂಪು ಎಲ್‌ಇಡಿಗೆ ಇದು ಸಾಕು.

ಲೆಕ್ಕದಲ್ಲಿ ಬಂದದ್ದು ‘ವ್ಯತ್ಯಾಸ’ ಎಂಬ ಮಾತು, ‘ಬಿಸಿ’ ಎಂಬುದಲ್ಲ. ಕಾವಲಿಯ ಮೇಲಿಟ್ಟ ಮೊದಲ ಕ್ಷಣದಲ್ಲಿ ಕೆಳಮುಖ ಬಿಸಿ, ಮೇಲ್ಮುಖ ತಣ್ಣಗೆ. ಸ್ವಲ್ಪ ಹೊತ್ತಿನಲ್ಲಿ ಶಾಖ ಕಂಬಗಳನ್ನು ಹತ್ತಿ ಮೇಲ್ಮುಖವೂ ಕಾಯುತ್ತದೆ. ಕೆಳಗೆ 100 ಡಿಗ್ರಿ, ಮೇಲೆ 85 ಆದರೆ ಉಳಿದದ್ದು 15 ಡಿಗ್ರಿ, ಮುಕ್ಕಾಲು ವೋಲ್ಟ್. ದೀಪ ಆರದೆ ಏನು ಮಾಡೀತು? ಅಣೆಕಟ್ಟಿನ ಎರಡೂ ಬದಿಗೆ ನೀರು ಒಂದೇ ಮಟ್ಟಕ್ಕೆ ಬಂದರೆ, ನೀರು ಎಷ್ಟೇ ಇದ್ದರೂ ಟರ್ಬೈನು ತಿರುಗುವುದಿಲ್ಲ. ಮೇಲ್ಮುಖದ ಮೇಲೆ ಮಂಜುಗಡ್ಡೆಯ ನೀರು ತುಂಬಿದ ಅಲ್ಯೂಮಿನಿಯಂ ಪಾತ್ರೆ ಇಟ್ಟು ನೋಡಿ, ದೀಪ ಮತ್ತೆ ಹತ್ತುತ್ತದೆ. ಬೆಂಕಿಯಷ್ಟೇ ಮುಖ್ಯ ತಂಪು. ಪ್ರದರ್ಶನದ ಹಲಗೆಗಳಲ್ಲಿ ಬೆಂಕಿಯ ಚಿತ್ರವನ್ನಷ್ಟೇ ಬರೆದು ತಂಪಿನ ಚಿತ್ರ ಬಿಡುವುದು ವಾಡಿಕೆ.

ಇಲ್ಲಿಗೆ ವಸ್ತುವಿನ ಪ್ರಶ್ನೆ ಬರುತ್ತದೆ. ಕಂಬದ ಎರಡು ತುದಿಗಳ ವ್ಯತ್ಯಾಸ ಬೇಗ ಅಳಿಯಬಾರದೆಂದರೆ ಅದು ಶಾಖವನ್ನು ದಾಟಿಸಬಾರದು. ಆದರೆ ವಿದ್ಯುತ್ತನ್ನು ಸರಾಗವಾಗಿ ದಾಟಿಸಬೇಕು. ಪ್ರಕೃತಿಯಲ್ಲಿ ಇವೆರಡೂ ಸಾಮಾನ್ಯವಾಗಿ ಜೊತೆಜೊತೆಗೇ ಬರುತ್ತವೆ. ತಾಮ್ರ ವಿದ್ಯುತ್ತಿಗೂ ದಾರಿ, ಶಾಖಕ್ಕೂ ದಾರಿ. ಗಾಜು ಎರಡಕ್ಕೂ ಅಡ್ಡಿ. ಬೇಕಾದದ್ದು ಶಾಖಕ್ಕೆ ಗಾಜಿನಂತೆ, ವಿದ್ಯುತ್ತಿಗೆ ಹರಳಿನಂತೆ ನಡೆದುಕೊಳ್ಳುವ ವಸ್ತು. ಅಮೆರಿಕದ ಗ್ಲೆನ್ ಸ್ಲ್ಯಾಕ್ 1995ರಲ್ಲಿ ಹೀಗೆಯೇ ಅದನ್ನು ಬಣ್ಣಿಸಿದರು. ಒಂದು ವಸ್ತು ಈ ಕೆಲಸಕ್ಕೆ ಎಷ್ಟು ಯೋಗ್ಯ ಎಂಬುದಕ್ಕೆ ವಿಜ್ಞಾನಿಗಳು ಜೆಡ್‌ಟಿ ಎಂಬ ಅಂಕ ಕೊಡುತ್ತಾರೆ. ಹಲವು ದಶಕಗಳ ಕಾಲ ಆ ಅಂಕ 1ರ ಆಸುಪಾಸಿನಲ್ಲೇ ನಿಂತಿತ್ತು.

ಅಂಕ 1 ಎಂದರೆ ಎಷ್ಟು ವಿದ್ಯುತ್? ಬಿಸಿ ಬದಿ 300 ಡಿಗ್ರಿ, ತಂಪು ಬದಿ 50 ಡಿಗ್ರಿ ಇದ್ದರೆ ದಾಟಿದ ಶಾಖದಲ್ಲಿ ನೂರಕ್ಕೆ 9ರಷ್ಟು ವಿದ್ಯುತ್ತಾಗುತ್ತದೆ. ಕುದಿಯುವ ನೀರಿಗೂ 30 ಡಿಗ್ರಿಯ ಗಾಳಿಗೂ ನಡುವೆ ಇಟ್ಟರೆ ನೂರಕ್ಕೆ ಮೂರೂವರೆ. ಅಂಗೈಯ ಬಿಸಿಗೆ ಅರ್ಧವೂ ಇಲ್ಲ. ಇದೂ ಕಾಗದದ ಮೇಲಿನ ಲೆಕ್ಕ. ಬೆಸುಗೆ, ತಂತಿ, ಪಿಂಗಾಣಿಗಳಲ್ಲಿ ನಷ್ಟವಾಗಿ ಕೈಗೆ ಬರುವುದು ಇನ್ನೂ ಕಡಿಮೆ.

ಅಂಕ ಮೇಲಕ್ಕೆತ್ತುವ ಕೆಲಸ ಬೆಂಗಳೂರಿನಲ್ಲಿಯೇ ನಡೆದಿದೆ ಎಂಬುದು ಕೆಂಗೇರಿಯ ಮಕ್ಕಳಿಗೆ ಗೊತ್ತಿರಬೇಕು. ನಗರದ ಇನ್ನೊಂದು ತುದಿಯ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಅಲ್ಲಿನ ಕನಿಷ್ಕ ಬಿಸ್ವಾಸ್ ಮತ್ತು ಸಂಗಡಿಗರು ಬೆಳ್ಳಿ, ಆಂಟಿಮನಿ, ಟೆಲ್ಯೂರಿಯಂ ಸೇರಿದ ಸಂಯುಕ್ತವೊಂದಕ್ಕೆ ಚಿಟಿಕೆಯಷ್ಟು ಕ್ಯಾಡ್ಮಿಯಂ ಬೆರೆಸಿದರು. ಅಡ್ಡಾದಿಡ್ಡಿಯಾಗಿ ಕುಳಿತಿದ್ದ ಬೆಳ್ಳಿ, ಆಂಟಿಮನಿ ಪರಮಾಣುಗಳು ಅಲ್ಲಲ್ಲಿ ಸಾಲು ಹಿಡಿದು ಕುಳಿತವು. ವಿದ್ಯುತ್ತಿಗೆ ದಾರಿ ಸುಗಮವಾಯಿತು, ಶಾಖಕ್ಕೆ ತಡೆ ಹೆಚ್ಚಾಯಿತು. 300 ಡಿಗ್ರಿಯ ಸುಮಾರಿಗೆ ಅಂಕ 2.6 ಬಂತು. ಈ ವರದಿ 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದಲ್ಲಿಯೂ ಉಷ್ಣವಿದ್ಯುತ್ ವಸ್ತುಗಳಿಗೆಂದೇ ಒಂದು ಪ್ರಯೋಗಾಲಯವಿದೆ.

ಇವೆಲ್ಲ ಗಟ್ಟಿ ತುಂಡುಗಳ ಮಾತು. ಇನ್ನೊಂದು ದಾರಿ, ಅದೇ ವಸ್ತುವನ್ನು ಕೂದಲಿಗಿಂತ ಹತ್ತಾರು ಪಟ್ಟು ತೆಳುವಾದ ಪೊರೆಯಾಗಿ ಬಳಿಯುವುದು. 1993ರಲ್ಲಿ ಅಮೆರಿಕದ ಹಿಕ್ಸ್ ಮತ್ತು ಮಿಲ್ಡ್ರೆಡ್ ಡ್ರೆಸೆಲ್‌ಹೌಸ್ ಎಂಬ ವಿಜ್ಞಾನಿಗಳು ಪೊರೆ ಸಾಕಷ್ಟು ತೆಳುವಾದರೆ ಅಂಕ ಏರಬೇಕು ಎಂದು ಲೆಕ್ಕ ಹಾಕಿ ತೋರಿಸಿದರು. ಶಾಖ ಹರಳಿನೊಳಗೆ ಕಂಪನಗಳ ಅಲೆಯಾಗಿ ಸಾಗುತ್ತದೆ. ತೆಳುಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಆ ಅಲೆಗಳಿಗೆ ಪದೇ ಪದೇ ಗಡಿ ಅಡ್ಡ ಬರುತ್ತದೆ. ಮೈಸೂರು ರಸ್ತೆಗೆ ಹತ್ತು ಹೆಜ್ಜೆಗೊಂದು ಉಬ್ಬು ಹಾಕಿದರೆ ಲಾರಿಗಳು ತಡವರಿಸುತ್ತವೆ, ಸೈಕಲ್ ಸವಾರರು ಮಾತ್ರ ಅಂಚಿನಲ್ಲಿ ನುಸುಳಿ ಹೋಗುತ್ತಾರಲ್ಲ, ಎಲೆಕ್ಟ್ರಾನುಗಳು ಆ ಸೈಕಲ್ ಸವಾರರ ಹಾಗೆ. 2001ರಲ್ಲಿ ಭಾರತೀಯ ಮೂಲದ ರಾಮ ವೆಂಕಟಸುಬ್ರಮಣಿಯನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಇಂಥ ಪದರಗಳನ್ನು ಮಾಡಿ, ಕೋಣೆಯ ಉಷ್ಣತೆಯಲ್ಲೇ 2.4 ಅಂಕ ವರದಿ ಮಾಡಿದರು. ಜಕ್ಕೂರಿನ ಕೇಂದ್ರದಲ್ಲಿ ಬಿವಾಸ್ ಸಹಾ ಅವರ ತಂಡ ಸ್ಕ್ಯಾಂಡಿಯಂ ನೈಟ್ರೈಡ್ ಎಂಬ ಗಡಸು ವಸ್ತುವಿನ ಪೊರೆಗಳ ಉಷ್ಣವಿದ್ಯುತ್ ಗುಣವನ್ನು ಅಭ್ಯಸಿಸಿ 2020ರಲ್ಲಿ ಪ್ರಕಟಿಸಿದೆ.

ಪೊರೆ ಬಳಿಯುವುದು ಹೇಗೆ? ಇಡ್ಲಿ ಪಾತ್ರೆಯ ಮುಚ್ಚಳದ ಒಳಮೈಗೆ ಹಬೆ ಹನಿಯಾಗಿ ಕೂರುವುದನ್ನು ನೋಡಿದವರಿಗೆ ಒಂದು ವಿಧಾನ ಅರ್ಥವಾಗುತ್ತದೆ. ಗಾಳಿ ಪೂರ್ತಿ ತೆಗೆದ ಕೋಣೆಯಲ್ಲಿ ವಸ್ತುವನ್ನು ಆವಿಯಾಗುವಷ್ಟು ಕಾಯಿಸುತ್ತಾರೆ, ಮೇಲಿಟ್ಟ ಗಾಜಿನ ಮೇಲೆ ಅದು ಪೊರೆಯಾಗಿ ಕೂರುತ್ತದೆ. ಇನ್ನೊಂದು ವಿಧಾನ ಕೇರಂ ಆಟದ ಹಾಗೆ. ವಿದ್ಯುದಾವಿಷ್ಟ ಆರ್ಗಾನ್ ಪರಮಾಣುಗಳೆಂಬ ಸ್ಟ್ರೈಕರುಗಳಿಂದ ವಸ್ತುವಿನ ತಟ್ಟೆಗೆ ಹೊಡೆದು, ಚಿಮ್ಮಿದ ಪರಮಾಣುಗಳನ್ನು ಎದುರಿನ ಹಾಳೆಯ ಮೇಲೆ ಕೂರಿಸುವುದು. ಪೊರೆಗೆ ವಸ್ತು ಬೇಕಾಗುವುದೂ ಅತ್ಯಲ್ಪ. ಟೆಲ್ಯೂರಿಯಂ ಭೂಮಿಯ ಹೊರಪದರದಲ್ಲಿ ಚಿನ್ನದಂತೆಯೇ ಬಹು ವಿರಳವಾದ ಧಾತು. ತಾಮ್ರ ಶುದ್ಧಿ ಮಾಡುವಾಗ ಉಪವಸ್ತುವಾಗಿ ಸಿಗುತ್ತದೆ. ಹಾಗಾಗಿ ಈ ಉಳಿತಾಯ ಸಣ್ಣದಲ್ಲ.

ಇಷ್ಟು ಓದಿದವರು ‘ಮತ್ತೇಕೆ ತಡ? ಬಸ್ಸಿನ ಸೈಲೆನ್ಸರಿಗೆ ಈ ಪೊರೆ ಬಳಿದುಬಿಡಬಾರದೆ?’ ಎನ್ನಬಹುದು. ಕಾವಲಿಯ ಮೇಲಿನ ಬಿಲ್ಲೆಯ ಕಥೆಯನ್ನು ಇಲ್ಲಿ ಮತ್ತೆ ನೆನೆಯಬೇಕು. ಇಡ್ಲಿಯ ಕೆಳಗೆ ಬಿಸಿ, ಮೇಲೆ ತಣ್ಣಗೆ ಇರಿಸುವುದು ಸ್ವಲ್ಪ ಹೊತ್ತಾದರೂ ಸಾಧ್ಯ. ನೀರುದೋಸೆಗೆ ಆ ಮಾತೇ ಇಲ್ಲ. 10 ಮೈಕ್ರಾನ್ ದಪ್ಪದ ಬಿಸ್ಮತ್ ಟೆಲ್ಯುರೈಡ್ ಪೊರೆಯ ಎರಡು ಮುಖಗಳ ನಡುವೆ ಬರೀ 10 ಡಿಗ್ರಿ ವ್ಯತ್ಯಾಸ ನಿಲ್ಲಿಸಬೇಕಾದರೆ, ಒಂದು ಚದರ ಸೆಂಟಿಮೀಟರಿನ ಮೂಲಕ ಸುಮಾರು 150 ವಾಟ್ ಶಾಖ ಎಡೆಬಿಡದೆ ನುಗ್ಗಬೇಕು. ಇನ್ನೊಂದು ಬದಿಯಲ್ಲಿ ಅಷ್ಟನ್ನೂ ಕೂಡಲೇ ತೆಗೆದು ಹಾಕಬೇಕು. ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆಯ ತಳದಲ್ಲಿ ಒಂದು ಚದರ ಸೆಂಟಿಮೀಟರಿಗೆ ಬರುವುದು 5 ವಾಟ್ ಅಷ್ಟೇ. ಅದರ ಮೂವತ್ತು ಪಟ್ಟು ಶಾಖವನ್ನು ಉಗುರಿನಷ್ಟು ಜಾಗದಲ್ಲಿ ಸೈಲೆನ್ಸರಿನ ಹೊಗೆ ಕೊಡಲಾರದು. ಕೊಟ್ಟರೂ ರಸ್ತೆಯ ಗಾಳಿ ಅದನ್ನು ಒಯ್ಯಲಾರದು. ತೆಳುವಾದದ್ದರಿಂದ ಬಂದ ಗುಣವನ್ನು ತೆಳುವಾದದ್ದೇ ಕಸಿದುಕೊಳ್ಳುತ್ತದೆ.

ಪೊರೆಯನ್ನು ಅಡ್ಡಲಾಗಿ ಬಳಸಿದರೆ? ಪ್ಲಾಸ್ಟಿಕ್ ಹಾಳೆಯ ಮೇಲೆ ಬಳಿದು, ಒಂದು ಅಂಚನ್ನು ಬಿಸಿಗೂ ಇನ್ನೊಂದನ್ನು ತಂಪಿಗೂ ಇಟ್ಟರೆ ಶಾಖಕ್ಕೆ ಉದ್ದನೆಯ ದಾರಿ ಸಿಗುತ್ತದೆ. ಈ ಉಪಾಯವೂ ಬಳಕೆಯಲ್ಲಿದೆ. ಆದರೆ 1 ಮೈಕ್ರಾನ್ ಪೊರೆಯನ್ನು ಹೊತ್ತ ಪ್ಲಾಸ್ಟಿಕ್ ಹಾಳೆ 25 ಮೈಕ್ರಾನ್ ದಪ್ಪ. ಪ್ಲಾಸ್ಟಿಕ್ ಶಾಖವಾಹಕವಲ್ಲ ನಿಜ, ಆದರೂ 25 ಪಟ್ಟು ದಪ್ಪವಾದ್ದರಿಂದ ಮೂರರಲ್ಲಿ ಎರಡು ಪಾಲು ಶಾಖ ಹಾಳೆಯಲ್ಲೇ ಹರಿದು ಹೋಗುತ್ತದೆ. ಪೊರೆಯ ಕೈಗೆ ಸಿಗುವುದು ಉಳಿದದ್ದು. ಹೊಸ ವಸ್ತುವಿಗೆ ಇಂತಿಷ್ಟು ಅಂಕ ಬಂತೆಂದು ಸುದ್ದಿ ಬಂದಾಗ ಅದು ವಸ್ತುವಿನ ಅಂಕ, ಉಪಕರಣದ್ದಲ್ಲ. ಪರೀಕ್ಷೆಯಲ್ಲಿ ಒಂದು ವಿಷಯದ ಅಂಕ ನೋಡಿ ಒಟ್ಟು ಫಲಿತಾಂಶ ಹೇಳಲಾಗದು.

ಇನ್ನು ಗಟ್ಟಿ ಬಿಲ್ಲೆಗಳನ್ನೇ ಬಸ್ಸಿಗೆ ಜೋಡಿಸಿದ್ದಾಯಿತು ಎನ್ನಿ. ಗಂಟೆಗೆ 4 ಲೀಟರ್ ಡೀಸೆಲ್ ಉರಿಸುವ ಬಸ್ಸಿನ ಸೈಲೆನ್ಸರಿನಲ್ಲಿ ಸುಮಾರು 12 ಕಿಲೋವ್ಯಾಟ್ ಶಾಖ ಹೋಗುತ್ತದೆ. ಅರ್ಧವನ್ನು ಬಿಲ್ಲೆಗಳ ಕಡೆಗೆ ತಿರುಗಿಸಿದರೂ 6 ಕಿಲೋವ್ಯಾಟ್. ಅದರಲ್ಲಿ ನೂರಕ್ಕೆ 5ರಂತೆ 300 ವಾಟ್. ನಾಲ್ಕು ಸೀಲಿಂಗ್ ಫ್ಯಾನುಗಳಿಗೆ ಸಾಕು. ಇದಕ್ಕೆ ಎಪ್ಪತ್ತು, ಎಂಬತ್ತು ಬಿಲ್ಲೆ, ಅವುಗಳನ್ನು ತಂಪಾಗಿಡಲು ನೀರು, ಪಂಪು, ಮೇಲೆ ಅದರ ಭಾರ. ಹೊಗೆಯ ದಾರಿಗೆ ಅಡ್ಡಿಯಾಗಿ ಎಂಜಿನ್ನಿಗೆ ಶ್ರಮ ಬೇರೆ. ಸಿಗ್ನಲಿನಲ್ಲಿ ನಿಂತು ನಿಂತು ಸಾಗುವ ಊರಿನ ಬಸ್ಸಿಗೆ ಹೊಗೆಯ ಬಿಸಿಯೂ ಇಳಿಯುವುದರಿಂದ 300 ಎಂಬುದೂ ಉದಾರವಾದ ಲೆಕ್ಕವೇ. ಅಮೆರಿಕದಲ್ಲಿ ಸರ್ಕಾರದ ನೆರವಿನಿಂದ ಫೋರ್ಡ್, ಬಿಎಂಡಬ್ಲ್ಯು ಕಾರುಗಳಿಗೆ ಇಂಥ ಸಾಧನ ಅಳವಡಿಸಿ ಪರೀಕ್ಷಿಸಿದರು. ಕೆಲವು ನೂರು ವಾಟ್ ಬಂದದ್ದು ನಿಜ, ಸಾಧನ ಮಾತ್ರ ಮಾರುಕಟ್ಟೆಗೆ ಬರಲಿಲ್ಲ.

ಹಾಗಾದರೆ ಈ ವಿದ್ಯೆಯೆಲ್ಲ ವ್ಯರ್ಥವೆ? ಬೇರೆ ಉಪಾಯವೇ ಇಲ್ಲದ ಕಡೆ ಇದರ ಬೆಲೆ ತಿಳಿಯುತ್ತದೆ. 1977ರಲ್ಲಿ ಹೊರಟ ಎರಡು ವಾಯೇಜರ್ ನೌಕೆಗಳಿಗೆ ಸೂರ್ಯನ ಬೆಳಕು ಸಾಲದಷ್ಟು ದೂರದಲ್ಲೂ ವಿದ್ಯುತ್ ಕೊಟ್ಟದ್ದು ಪ್ಲುಟೋನಿಯಂ ಶಾಖದಿಂದ ನಡೆಯುವ ಉಷ್ಣವಿದ್ಯುತ್ ಜನಕಗಳು. ಹೊರಡುವಾಗ ಒಂದೊಂದು ನೌಕೆಗೆ ಸುಮಾರು 470 ವಾಟ್ ಇತ್ತು. ಸೋವಿಯತ್ ಒಕ್ಕೂಟದಲ್ಲಿ 1950ರ ದಶಕದಲ್ಲಿ ಕರೆಂಟ್ ಇಲ್ಲದ ಹಳ್ಳಿಗಳಿಗೆಂದು ಸೀಮೆಎಣ್ಣೆ ದೀಪದ ಗಾಜಿನ ಮೇಲೆ ಕೂರಿಸುವ ಜನಕ ಮಾಡಿದ್ದರು. ದೀಪದ ಬೆಳಕಿನಲ್ಲಿ ಓದುತ್ತ, ಅದರದೇ ಬಿಸಿಯಿಂದ ರೇಡಿಯೋ ಕೇಳಬಹುದಾಗಿತ್ತು. 1998ರಲ್ಲಿ ಜಪಾನಿನ ಸೈಕೋ ಕಂಪನಿ ಕೈಯ ಬಿಸಿಯಿಂದಲೇ ನಡೆಯುವ ಗಡಿಯಾರ ತಂದಿತು. ಗಡಿಯಾರಕ್ಕೆ ಬೇಕಾದದ್ದು ಮೈಕ್ರೋವ್ಯಾಟುಗಳು, ಕೊಡುವುದೂ ಅಷ್ಟೇ.

ತೆಳುಪೊರೆಯ ಜಾಗವೂ ಇಂಥ ಕಿರಿದಾದ ಕಡೆಯೇ. ಕಾರ್ಖಾನೆಯ ಬಿಸಿ ಪೈಪಿನ ಮೇಲೆ ಕೂತು ಉಷ್ಣತೆ, ಅದುರುವಿಕೆಗಳನ್ನು ಅಳೆದು ತಂತಿಯಿಲ್ಲದೆ ಸುದ್ದಿ ಕಳಿಸುವ ಪುಟ್ಟ ಸಂವೇದಕಕ್ಕೆ ಕೆಲವೇ ಮಿಲಿವ್ಯಾಟ್ ಸಾಕು. ಬ್ಯಾಟರಿ ಬದಲಿಸಲು ಏಣಿ ಹತ್ತುವುದು ತಪ್ಪಿದರೆ ಅದೇ ಲಾಭ. ಚದರ ಸೆಂಟಿಮೀಟರಿಗೆ ನೂರಾರು ವಾಟ್ ಶಾಖ ಉಕ್ಕುವ ಜಾಗವೂ ಒಂದಿದೆ, ಕಂಪ್ಯೂಟರಿನ ಚಿಪ್. ಪೊರೆ ಅಲ್ಲಿ ತಂಪುಗೊಳಿಸುವ ಕೆಲಸಕ್ಕೆ ಒದಗುತ್ತದೆಂದು 2009ರಲ್ಲಿ ತೋರಿಸಲಾಯಿತು. 2025ರಲ್ಲಿ ಜಾನ್ಸ್ ಹಾಪ್ಕಿನ್ಸ್ ಪ್ರಯೋಗಾಲಯದ ವೆಂಕಟಸುಬ್ರಮಣಿಯನ್ ತಂಡ ಮತ್ತು ಸ್ಯಾಮ್‌ಸಂಗ್ ಎಂಜಿನಿಯರುಗಳು ತೆಳುಪೊರೆಯ ಶೀತಕವನ್ನು ಪ್ರಕಟಿಸಿದರು. ಒಂದು ಘಟಕಕ್ಕೆ ಬೇಕಾದ ವಸ್ತು ಮರಳಿನ ಕಾಳಿನಷ್ಟು.

ದೊಡ್ಡ ಶಾಖಕ್ಕೆ ಹಳೆಯ ಹಬೆಯೇ ಇಂದಿಗೂ ಮೇಲು. ಯಲಹಂಕದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವ್ಯಾಟ್ ಅನಿಲ ಸ್ಥಾವರದಲ್ಲಿ ಅನಿಲ ಟರ್ಬೈನಿನಿಂದ ಹೊರಬೀಳುವ ಬಿಸಿಯಿಂದ ನೀರು ಕಾಯಿಸಿ, ಆ ಹಬೆಯಿಂದ ಇನ್ನೊಂದು ಟರ್ಬೈನು ತಿರುಗಿಸುತ್ತಾರೆ. ಒಟ್ಟು ವಿದ್ಯುತ್ತಿನ ಮೂರನೆಯ ಒಂದರಷ್ಟು ಆ ‘ವ್ಯರ್ಥ’ ಶಾಖದ್ದು. ಶಕ್ತಿಯನ್ನು ಶಾಖವಾಗಲು ಬಿಡದಿರುವುದು ಇನ್ನೂ ಮೇಲು. ಕೆಂಗೇರಿಗೆ 2021ರ ಆಗಸ್ಟ್ 30ರಿಂದ ಓಡುತ್ತಿರುವ ಮೆಟ್ರೋ ರೈಲು ನಿಲ್ದಾಣಕ್ಕೆ ಬರುವಾಗ ಅದರ ಮೋಟಾರುಗಳೇ ಜನರೇಟರುಗಳಾಗಿ ವಿದ್ಯುತ್ತನ್ನು ಹಳಿಯ ಪಕ್ಕದ ಸರಬರಾಜಿಗೆ ಮರಳಿಸುತ್ತವೆ. ಕೆಳಗಿನ ರಸ್ತೆಯಲ್ಲಿ ಡೀಸೆಲ್ ಬಸ್ಸು ನಿಲ್ಲುವಾಗ ಅದೇ ಶಕ್ತಿ ಬ್ರೇಕನ್ನು ಕಾಯಿಸಿ ಮುಗಿಯುತ್ತದೆ.

ಬಿಲ್ಲೆ ಈಗಾಗಲೇ ಮನೆಗೆ ಬಂದಿದ್ದರೆ ಅದನ್ನು ಮೂಲೆಗೆ ಎಸೆಯಬೇಕಾಗಿಲ್ಲ. ಕಾವಲಿ ಬೇಡ. ಅಗ್ಗದ ಬಿಲ್ಲೆಗಳ ಒಳಗಿನ ಬೆಸುಗೆ 138 ಡಿಗ್ರಿಯ ಸುಮಾರಿಗೆ ಕರಗುತ್ತದೆ. ಕುದಿಯುವ ನೀರಿನ ಅಲ್ಯೂಮಿನಿಯಂ ಪಾತ್ರೆ ಒಂದು ಬದಿಗೆ, ಮಂಜುಗಡ್ಡೆಯದು ಇನ್ನೊಂದು ಬದಿಗೆ ಇರಲಿ. ಬಿಸಿನೀರಿನ ಕೆಲಸಕ್ಕೆ ಮನೆಯಲ್ಲಿ ದೊಡ್ಡವರು ಯಾರಾದರೂ ಜೊತೆಗಿರಲಿ. ಎರಡು ಪಾತ್ರೆಗಳಲ್ಲೂ ತಲಾ ಒಂದು ಥರ್ಮಾಮೀಟರ್ ಇಟ್ಟು, ಬಿಸಿನೀರು ಆರುತ್ತ ಹೋದಂತೆ ಎರಡು ನಿಮಿಷಕ್ಕೊಮ್ಮೆ ವ್ಯತ್ಯಾಸವನ್ನೂ ವೋಲ್ಟೇಜನ್ನೂ ಬರೆದುಕೊಳ್ಳಿ. ಗ್ರಾಫ್ ಎಳೆದರೆ ಬಹುಮಟ್ಟಿಗೆ ನೇರ ಗೆರೆ ಬರುತ್ತದೆ. ಆ ಗೆರೆಯ ಇಳಿಜಾರು ಡಿಗ್ರಿಗೆ 50 ಮಿಲಿವೋಲ್ಟಿಗಿಂತ ಕಡಿಮೆ ಇರುತ್ತದೆ. ಪಾತ್ರೆಯ ನೀರಿನ ಉಷ್ಣತೆ ಬೇರೆ, ಬಿಲ್ಲೆಯ ಮುಖದ ಉಷ್ಣತೆ ಬೇರೆ ಎಂಬುದೇ ಇದಕ್ಕೆ ಕಾರಣ. ಕೆಂಪು ಎಲ್‌ಇಡಿ ಯಾವ ಬಿಂದುವಿನಲ್ಲಿ ಆರಿತು, ಬಿಳಿಯದು ಹತ್ತಿತೋ ಇಲ್ಲವೋ ಎಂಬುದನ್ನೂ ಗ್ರಾಫಿನಲ್ಲಿ ಗುರುತು ಮಾಡಿ.